‘ಸ್ಟಾರ್ಟಿಂಗ್ ಕರ್ನಲ್’ ಎಂದ ಮೇಲೆ ಮೌನ: ಎಲ್ಲಿಂದ ಹುಡುಕಬೇಕು?

ಕೇಳಿದವರು: 64 ಬಿಟ್ ಆರ್ಮ್ ಬೋರ್ಡೊಂದಕ್ಕೆ ಹೊಸದಾಗಿ ಬಿಲ್ಡ್ ಮಾಡಿದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹಾಕಿದ್ದೇನೆ. ಕರ್ನಲ್ ಅನ್ನು ಮೆಮೊರಿಗೆ ತಂದು ಓಡಿಸುವ ಪ್ರೋಗ್ರಾಂ ಯು-ಬೂಟ್ ‘ಸ್ಟಾರ್ಟಿಂಗ್ ಕರ್ನಲ್’ ಎಂದ ಬಳಿಕ, ಬೋರ್ಡಿನ ಸೀರಿಯಲ್ ಪೋರ್ಟಿನಿಂದ ಬರುವ ಸಂದೇಶಗಳನ್ನು ತೋರಿಸುವ ಪರದೆಯಲ್ಲಿ ಒಂದಕ್ಷರವೂ ಮೂಡುವುದಿಲ್ಲ. ಹಳೆಯ ಕರ್ನಲ್ ಇದೇ ಬೋರ್ಡಿನಲ್ಲಿ ಸರಿಯಾಗಿ ಏಳುತ್ತಿತ್ತು. ಹೊಸದರಲ್ಲಿ ಕೆಲವು ಡ್ರೈವರ್‌ಗಳನ್ನು ಕರ್ನಲ್ ಒಳಗೇ ಸೇರಿಸಿದ್ದೇನೆ, ಅಷ್ಟೆ. ಇಂಥದ್ದನ್ನು ಬಿಡಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಮೊದಲ ಉತ್ತರ: ಪರದೆ ಖಾಲಿ ಇದೆಯೆಂದು ಕರ್ನಲ್ ಓಡಿಯೇ ಇಲ್ಲವೆಂದು ತೀರ್ಮಾನಿಸಬೇಡಿ. ಸಾಮಾನ್ಯ ಕನ್ಸೋಲ್ ಬಾಯಿ ತೆರೆಯುವುದು ಸೀರಿಯಲ್ ಡ್ರೈವರ್ ಎದ್ದ ಮೇಲೆ. ಅದಕ್ಕೂ ಮೊದಲು ಕರ್ನಲ್ ಬಿದ್ದರೆ ಅದು ಹೇಳಿದ್ದೆಲ್ಲ ಮೆಮೊರಿಯ ಲಾಗ್ ಬಫರಿನಲ್ಲೇ ಉಳಿಯುತ್ತದೆ. ಬೂಟ್‌ಆರ್ಗ್ಸ್‌ಗೆ (ಯು-ಬೂಟ್ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ‘ಅರ್ಲಿಕಾನ್’ ಮತ್ತು ‘ಕೀಪ್_ಬೂಟ್‌ಕಾನ್’ ಸೇರಿಸಿ ನೋಡಿ. ಮೊದಲನೆಯದು ಆ ಡ್ರೈವರ್ ಏಳುವ ಮೊದಲೇ ಸಂದೇಶ ತೋರಿಸುವ ಕನ್ಸೋಲ್, ಎರಡನೆಯದು ಅದನ್ನು ನಂತರವೂ ಉಳಿಸುತ್ತದೆ. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರಿನ ವಿವರ) ಸೀರಿಯಲ್ ಪೋರ್ಟನ್ನು ಮೊದಲೇ ಸೂಚಿಸಿರದಿದ್ದರೆ ‘ಅರ್ಲಿಕಾನ್’ ಜೊತೆಗೆ ಯುಎಆರ್‌ಟಿಯ (ಸೀರಿಯಲ್ ಪೋರ್ಟಿನ ಸರ್ಕ್ಯೂಟು) ಬಗೆಯನ್ನೂ ವಿಳಾಸವನ್ನೂ ಬರೆಯಬೇಕಾಗುತ್ತದೆ.

ಎರಡನೇ ಉತ್ತರ: ಮೇಲಿನ ಸಲಹೆ ಸರಿಯೇ, ಆದರೆ ಅರ್ಲಿಕಾನ್ ಕೂಡ ಮೌನವಾಗಿರುವ ಸಂದರ್ಭವೊಂದಿದೆ, ನನ್ನ ಎರಡು ವಾರ ಅಲ್ಲಿಯೇ ಕಳೆದವು. ಬೂಟ್‌ಆರ್ಗ್ಸ್ ಕರ್ನಲ್‌ಗೆ ತಲುಪುವುದೇ ಡಿವೈಸ್ ಟ್ರೀ ಕಡತವಾದ ಡಿಟಿಬಿಯ ಮೂಲಕ. ಆ ಡಿಟಿಬಿಯೇ ಕೆಟ್ಟಿದ್ದರೆ ಕರ್ನಲ್ ಅರ್ಲಿಕಾನ್ ಎಂಬ ಪದವನ್ನು ಓದುವ ಮೊದಲೇ ದೋಷವನ್ನು ಲಾಗ್ ಬಫರಿಗೆ ಬರೆದು, ಮುಗಿಯದ ಲೂಪಿನಲ್ಲಿ ಸುತ್ತುತ್ತ ನಿಲ್ಲುತ್ತದೆ. ನಾನು ವಿದ್ಯುತ್ ತೆಗೆಯದೆ ರೀಸೆಟ್ ಒತ್ತಿ, ಯು-ಬೂಟ್‌ನಲ್ಲಿ ನಿಲ್ಲಿಸಿ, ಸಿಸ್ಟಮ್.ಮ್ಯಾಪ್‌ನಲ್ಲಿರುವ (ಕರ್ನಲ್ ಬಿಲ್ಡ್ ಮಾಡಿದಾಗ ಸಿಗುವ ವಿಳಾಸಗಳ ಪಟ್ಟಿ) ‘__ಲಾಗ್_ಬಫ್’ ಎಂಬ ಲಾಗ್ ಬಫರಿನ ವಿಳಾಸದಿಂದ ಕರ್ನಲ್ ಆರಂಭವಾಗುವ ‘_ಟೆಕ್ಸ್ಟ್’ ವಿಳಾಸವನ್ನು ಕಳೆದು, ಬಂದುದಕ್ಕೆ ಇಮೇಜ್ (ಕರ್ನಲ್ ಕಡತ) ಲೋಡ್ ಆದ ವಿಳಾಸವನ್ನು ಕೂಡಿ, ಅಲ್ಲಿಂದ ಯು-ಬೂಟ್‌ನ ‘ಎಂಡಿ’ ಆಜ್ಞೆಯಿಂದ ಮೆಮೊರಿಯನ್ನು ಓದಿದೆ. ಕ್ಯಾಶ್‌ನಲ್ಲೇ ಉಳಿದು ಅಳಿದುಹೋದ ಸಾಲುಗಳಿದ್ದವಾದರೂ ‘ಇನ್‌ವ್ಯಾಲಿಡ್ ಡಿವೈಸ್ ಟ್ರೀ ಬ್ಲಾಬ್’ ಎಂಬುದು ಕಾಣಿಸಿತು.

ಕಾರಣ ನಮ್ಮದೇ ಬೂಟ್ ಸ್ಕ್ರಿಪ್ಟು. ಇಮೇಜ್ ಕಡತ ಮುಗಿದ ಜಾಗಕ್ಕೆ ತಾಗಿಕೊಂಡೇ ಡಿಟಿಬಿಯನ್ನು ಇಟ್ಟಿದ್ದೆವು. ಬಿಎಸ್‌ಎಸ್ ಭಾಗ (ಸೊನ್ನೆಯಿಂದ ಶುರುವಾಗುವ ವೇರಿಯಬಲ್‌ಗಳ ಜಾಗ) ಕಡತದಲ್ಲಿ ಇರುವುದಿಲ್ಲ, ಆದರೆ ಮೆಮೊರಿಯಲ್ಲಿ ಕಡತದ ನಂತರದ ಜಾಗ ಅದರದೇ, ಮತ್ತು ಕರ್ನಲ್ ಶುರುವಿನಲ್ಲೇ ಅದಕ್ಕೆ ಸೊನ್ನೆ ತುಂಬುತ್ತದೆ. ಹೀಗೆ ಡಿಟಿಬಿ ಒರೆಸಿಹೋಗುತ್ತಿತ್ತು. ಯು-ಬೂಟ್ ಅದನ್ನು ಬೇರೆಡೆಗೆ ಸಾಗಿಸಿಯಾದರೂ ಉಳಿಸುತ್ತಿತ್ತೇನೋ. ಆದರೆ ಡಿಟಿಬಿಯನ್ನು ಎಲ್ಲಿಯವರೆಗೆ ಸಾಗಿಸಬಹುದೆಂದು ಹೇಳುವ ಯು-ಬೂಟ್ ವೇರಿಯಬಲ್ ‘ಎಫ್‌ಡಿಟಿ_ಹೈ’ಗೆ ಎಲ್ಲ ಅಂಕಿಗಳನ್ನೂ ಎಫ್ ಮಾಡಿ, ಕದಲಿಸಬೇಡವೆಂದು ಯಾರೋ ಹಿಂದೆಯೇ ಬರೆದಿಟ್ಟಿದ್ದರು. ಇಮೇಜಿನ ಆರಂಭದಿಂದ 16 ಬೈಟ್ ದಾಟಿದ ಮೇಲೆ ಸಿಗುವ 64 ಬಿಟ್ ಸಂಖ್ಯೆ ಬಿಎಸ್‌ಎಸ್ ಸೇರಿದ ನಿಜವಾದ ಗಾತ್ರ. ಡಿಟಿಬಿ ಅದರಿಂದಾಚೆ ಇರಬೇಕು, ಅದರ ವಿಳಾಸ 8ರಿಂದ ಭಾಗವಾಗಬೇಕು, ಗಾತ್ರ 2 ಎಂಬಿ ಮೀರಬಾರದು. ಡ್ರೈವರ್‌ಗಳು ಸೇರಿ ನಿಮ್ಮ ಕರ್ನಲ್ ದಪ್ಪವಾಗಿದೆ ಎಂಬುದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಮೂರನೇ ಉತ್ತರ: ‘ಇನಿಟ್‌ಆರ್‌ಡಿ_ಹೈ’ ಎಂಬುದನ್ನೂ ನೋಡಿ (ಇನಿಟ್‌ಆರ್‌ಡಿ ಎಂದರೆ ಬೂಟ್ ವೇಳೆ ಮೆಮೊರಿಗೆ ಹಾಕುವ ಆರಂಭಿಕ ಕಡತ ವ್ಯವಸ್ಥೆ), ಅದೇ ಕಥೆ ಅಲ್ಲಿಯೂ ನಡೆಯುತ್ತದೆ. ಕ್ಯೂಇಎಂಯು ಎಂಬ ಎಮ್ಯುಲೇಟರಿನಲ್ಲಿ ಜಿಡಿಬಿ ಎಂಬ ಡೀಬಗರ್ ಹಚ್ಚಿ ಹುಡುಕುವ ಆಲೋಚನೆ ಇದ್ದರೆ, ನಿಮ್ಮ ಬೋರ್ಡಿನ ಬೂಟ್ ಸ್ಕ್ರಿಪ್ಟಿನ ತಪ್ಪು ಅಲ್ಲಿ ಮರುಕಳಿಸುವುದಿಲ್ಲ.

ಕೇಳಿದವರು: ಸ್ಕ್ರಿಪ್ಟಿನಲ್ಲಿ ‘ಎಫ್‌ಡಿಟಿ_ಹೈ’ ಸಾಲು ಇತ್ತು. ಅದನ್ನು ತೆಗೆದು ಡಿಟಿಬಿಯನ್ನು 64 ಎಂಬಿ ಮೇಲಕ್ಕೆ ಸರಿಸಿದೆ, ಅರ್ಲಿಕಾನ್ ಮಾತನಾಡುತ್ತಿದೆ. ಈಗ ರೂಟ್ ಕಡತ ವ್ಯವಸ್ಥೆ ಸಿಗುತ್ತಿಲ್ಲವೆಂದು ಕರ್ನಲ್ ಪ್ಯಾನಿಕ್ ಆಗಿ ನಿಲ್ಲುತ್ತಿದೆ, ಇನಿಟ್‌ಆರ್‌ಡಿ ವಿಳಾಸವನ್ನು ನೋಡುತ್ತಿದ್ದೇನೆ.