ಸಹಾಯ ಬೇಕು: ಒಳ್ಳೆ ಹುಣಸೆ ಮರ ಗುರುತಿಸಿ ಕಸಿ ಮಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು ತಾಲ್ಲೂಕು. ಹೊಲದ ಬದುಗಳಲ್ಲಿ ಅಜ್ಜನ ಕಾಲದ ಹುಣಸೆ ಮರಗಳಿವೆ. ಅದರಲ್ಲಿ ಒಂದು ಮರ ಬೇರೆಯೇ. ಕಾಯಿ ಅಗಲ, ಸಿಪ್ಪೆ ತೆಳು, ಬೆರಳಲ್ಲಿ ಒತ್ತಿದರೆ ಪಟ್ಟನೆ ಒಡೆಯುತ್ತದೆ. ಒಳಗೆ ಕೆಂಪು ಛಾಯೆಯ ದಪ್ಪ ತಿರುಳು, ನಾರು ಕಡಿಮೆ. ಪಕ್ಕದ ಮರಗಳು ಒಂದು ವರ್ಷ ಕಾಯಿ ಬಿಟ್ಟರೆ ಮುಂದಿನ ವರ್ಷ ಸುಮ್ನೆ ನಿಲ್ಲುತ್ತವೆ. ಇದು ಹಾಗಲ್ಲ, ಪ್ರತಿ ವರ್ಷ ಬಿಡುತ್ತದೆ.

ಬೀಜ ಹಾಕಿದರೆ ತಾಯಿ ಮರದ ಗುಣ ಬರುವ ಖಾತ್ರಿ ಇಲ್ಲ, ಹುಣಸೆಯಲ್ಲಿ ಪರಕೀಯ ಪರಾಗಸ್ಪರ್ಶ (ಬೇರೆ ಮರದ ಪರಾಗ ಬಂದು ಕಾಯಿ ಕಟ್ಟುವುದು) ಜಾಸ್ತಿ ಅಲ್ವಾ. ಹಾಗಾಗಿ ಕಸಿಯೇ ದಾರಿ. ಫಲ ಕೂಡ ಬೇಗ ಬರುತ್ತದೆ.

ಗೊತ್ತಿರುವವರು ದಯವಿಟ್ಟು ತಿಳಿಸಿ. ಕಸಿ ಕಡ್ಡಿಯನ್ನು ಯಾವ ತಿಂಗಳು, ಎಷ್ಟು ಬಲಿತಾಗ ಕತ್ತರಿಸಬೇಕು? ಮುದಿ ಮರದಲ್ಲಿ ಒಳ್ಳೆ ಚಿಗುರು ಬರಿಸಲು ಕೊಂಬೆ ಸವರಬೇಕೇ? ಚಿತ್ರದುರ್ಗ, ದಾವಣಗೆರೆ ಕಡೆ ಹುಣಸೆ ಕಸಿಯಲ್ಲಿ ಕೈ ಪಳಗಿದವರು ಇದ್ದಾರೆಯೇ?

ಹುಣಸೆ ಹಣ್ಣಿನ ತೂಕದಲ್ಲಿ ತಿರುಳು ನೂರಕ್ಕೆ ಸುಮಾರು 30ರಿಂದ 50 ಭಾಗ ಇರುತ್ತದೆ. ಈ ಸಲ ಕೊಯ್ಲಿನಲ್ಲಿ ಪ್ರತಿ ಮರದ ಒಂದೊಂದು ಕಿಲೋ ಹಣ್ಣು ಬಿಡಿಸಿ, ತಿರುಳು, ಬೀಜ, ಸಿಪ್ಪೆ ಬೇರೆ ಬೇರೆ ತೂಗಬೇಕು ಅಂತಿದ್ದೇನೆ. ಒಳ್ಳೆ ಮರ ಯಾವುದೆಂದು ಗುರುತಿಸಲು ಇಷ್ಟು ಲೆಕ್ಕ ಸಾಕೇ? ಬಬ್ಬೂರು ಫಾರಂಗೆ (ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರ) ಹಣ್ಣು ಒಯ್ದು ತೋರಿಸಿದ ಅನುಭವ ಇದ್ದರೆ ಅದನ್ನೂ ಹೇಳಿ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ರೈತರ ತಳಿ ನೋಂದಾಯಿಸಿದವರು ಇದ್ದರೆ, ಅರ್ಜಿಗೆ ಏನೇನು ದಾಖಲೆ ಬೇಕು ತಿಳಿಸಿ. ಆ ಒಳ್ಳೆ ಮರಕ್ಕೆ ವಯಸ್ಸಾಗಿದೆ, ಒಂದು ಕೊಂಬೆ ಆಗಲೇ ಒಣಗಿದೆ. ಅದು ಹೋಗುವ ಮೊದಲು ನಾಲ್ಕು ಗಿಡವಾದರೂ ಮಾಡಿಕೊಳ್ಳಬೇಕು.