ಕಾಂಪಿಟಿಟಿವ್ ಶೂಟರ್ ಗೇಮ್‌ಗಳ ಒಳಗೇ ಪ್ರಾಕ್ಟೀಸ್ ಮೋಡ್ ಇರಬೇಕಾ, ಬೇಡವಾ?

ತುಂಗಾ_ಟ್ಯಾಪ್ (ಪ್ರಶ್ನೆ)

ನಮ್ಮ ಚಿಕ್ಕಮ್ಮನ ಮಗ ಈ ರಜೆಯಲ್ಲಿ ಸಿಎಸ್2 (ಕೌಂಟರ್-ಸ್ಟ್ರೈಕ್ 2, ಪಿಸಿಯ ಶೂಟರ್ ಗೇಮ್) ಶುರು ಮಾಡಿದ್ದಾನೆ. ಇಷ್ಟು ದಿನ ಫೋನಿನಲ್ಲಿ ಬಿಜಿಎಂಐ ಆಡಿಕೊಂಡಿದ್ದ ಹುಡುಗ, ಮೌಸ್ ಅವನಿಗೆ ಹೊಸದು. "ಅಣ್ಣಾ, ಎಕೆ ಹಿಡಿದರೆ ಗುಂಡು ಎಲ್ಲೆಲ್ಲೋ ಹೋಗುತ್ತೆ, ಇದನ್ನ ಎಲ್ಲಿ ಕಲಿಯೋದು?" ಅಂತ ಕೇಳಿದ. ಸ್ಟೀಮ್ ವರ್ಕ್‌ಶಾಪ್‌ಗೆ (ಆಟಗಾರರೇ ಮಾಡಿದ ಮ್ಯಾಪ್ ಸಿಗೋ ಜಾಗ) ಹೋಗು, ಗುರಿ ಅಭ್ಯಾಸಕ್ಕೆ ಏಮ್ ಬಾಟ್ಜ್ ಅಂತ ಮ್ಯಾಪ್ ಇದೆ ಸಬ್‌ಸ್ಕ್ರೈಬ್ ಮಾಡು, ಸ್ಪ್ರೇ (ಬಿಡದೆ ಗುಂಡು ಹಾರಿಸೋದು) ಕಲಿಯಲು ರಿಕಾಯಿಲ್ ಮಾಸ್ಟರ್ ಅಂತ ಇನ್ನೊಂದಿದೆ ಅದನ್ನೂ ಇಳಿಸಿಕೋ, ಸ್ಮೋಕ್‌ಗೆ (ಹೊಗೆ ಗ್ರೆನೇಡ್) ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಕನ್ಸೋಲ್ ಆನ್ ಮಾಡಿ ಎಸ್‌ವಿ_ಚೀಟ್ಸ್ 1 ಅಂತ ಟೈಪ್ ಮಾಡು, ಆಮೇಲೆ... ಅಂತ ಹೇಳುತ್ತಾ ಹೋದೆ. ಅವನು ಅರ್ಧಕ್ಕೇ "ಬಿಡಣ್ಣ, ಸೀದಾ ಮ್ಯಾಚ್‌ಗೇ ಹೋಗ್ತೀನಿ" ಅಂದುಬಿಟ್ಟ.

ವ್ಯಾಲೊರಂಟ್ ಅನ್ನೋ ಇನ್ನೊಂದು ಶೂಟರ್‌ನಲ್ಲಿ ಹೀಗಿಲ್ಲ. 2020ರಲ್ಲಿ ಗೇಮ್ ಬಂದಾಗಲೇ ರೇಂಜ್ (ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗ) ಒಳಗೇ ಇತ್ತು. ಒಂದು ಬಟನ್ ಒತ್ತಿದರೆ ಎಲ್ಲ ಗನ್ ಎದುರಿಗೆ, ಬಾಟ್‌ಗಳು (ಕಂಪ್ಯೂಟರ್ ಆಡಿಸುವ ಗೊಂಬೆಗಳು) ಎದುರಿಗೆ. ಸಿಎಸ್2ಗಿಂತ ಮೊದಲಿದ್ದ ಸಿಎಸ್‌ಜಿಒದಲ್ಲಿ ಗನ್ ಕಲಿಸುವ ವೆಪನ್ಸ್ ಕೋರ್ಸ್ ಅಂತ ಒಂದಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಸಿಎಸ್2 ಬಂದಾಗ ಅದೂ ಹೋಯಿತು. ಬಾಟ್ ಜೊತೆ ಆಡುವ ಪ್ರಾಕ್ಟೀಸ್ ಇದೆ, ಗ್ರೆನೇಡ್ ಎಲ್ಲಿ ಬೀಳುತ್ತದೆ ಅಂತ ತೋರಿಸುವ ಚಿಕ್ಕ ಕಿಟಕಿಯೂ ಇದೆ, ಆದರೆ ಹೊಸಬನನ್ನು ಕೂರಿಸಿ ಕಲಿಸುವಂಥದ್ದು ಅದಲ್ಲ.

ನಮ್ಮ ಗ್ಯಾಂಗ್‌ನಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು. ಒಬ್ಬರು ಹೇಳುತ್ತಾರೆ ಇಂಥ ಗೇಮ್ ಮಾಡುವವರು ತರಬೇತಿ ಮೋಡ್ ಕೊಡಲೇಬೇಕು ಅಂತ. ಇನ್ನೊಬ್ಬರು ಆ ದುಡ್ಡು, ಸಮಯ ಎಲ್ಲ ಆ್ಯಂಟಿಚೀಟ್ (ಮೋಸದಾಟ ತಡೆಯೋ ವ್ಯವಸ್ಥೆ) ಮತ್ತು ಸರ್ವರ್‌ಗೆ ಹಾಕಲಿ, ಕಲಿಯೋದು ಮ್ಯಾಚ್‌ನಲ್ಲೇ ಅಂತಾರೆ. ನಿಮಗೇನನ್ನಿಸುತ್ತದೆ? ಇರಬೇಕು ಅನ್ನುವವರು ಒಳಗೆ ಏನೇನಿರಬೇಕು ಅನ್ನೋದನ್ನೂ ಹೇಳಿ.

ಕೆಫೆ_ಕಾರ್ನರ್

ಇರಲೇಬೇಕು. ಅದೂ ಗೇಮ್ ಒಳಗೇ ಇರಬೇಕು, ಹೊರಗಲ್ಲ.

ನಾನು ಆಡೋದು ಗೇಮಿಂಗ್ ಕೆಫೆಯಲ್ಲಿ. ಮನೆಯಲ್ಲಿ ಪಿಸಿ ಇಲ್ಲ. ನಮ್ಮಂಥವರು ಬಹಳ ಜನ ಇದ್ದಾರೆ, ಆದರೆ ಪ್ರಾಕ್ಟೀಸ್ ಬಗ್ಗೆ ಮಾತು ಬಂದಾಗ ಯಾರೂ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ವರ್ಕ್‌ಶಾಪ್ ಮ್ಯಾಪ್ ಇಳಿಸಿಕೊ" ಅನ್ನೋದು ಸುಲಭ. ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತು, ಲಾಗಿನ್ ಆಗಿ, ಮ್ಯಾಪ್ ಡೌನ್‌ಲೋಡ್ ಆಗೋದನ್ನು ನೋಡುತ್ತಾ ಕಾಯುತ್ತಿರಬೇಕು, ಪಕ್ಕದಲ್ಲಿ ಇಪ್ಪತ್ತು ಜನ ಅದೇ ನೆಟ್ ಎಳೆಯುತ್ತಿರುತ್ತಾರೆ. ಎಷ್ಟೋ ಕೆಫೆಗಳಲ್ಲಿ ಸಿಸ್ಟಮ್ ರೀಸ್ಟಾರ್ಟ್ ಆದ ಕೂಡಲೇ ಎಲ್ಲ ಅಳಿಸಿ ಮೊದಲಿನಂತೆ ಆಗುತ್ತದೆ. ಇವತ್ತು ಇಳಿಸಿದ್ದು ನಾಳೆ ಇರುವುದಿಲ್ಲ. ಆ ಕಾಯುವ ಹೊತ್ತಿಗೂ ಮೀಟರ್ ಓಡುತ್ತಿರುತ್ತದೆ.

ಗುರಿ ಅಭ್ಯಾಸಕ್ಕೇ ಇರುವ ಏಮ್ ಲ್ಯಾಬ್ ಫ್ರೀ, ನಿಜ. ಆದರೆ ಕೆಫೆ ಮಾಲೀಕರು ಅದನ್ನು ಹಾಕಿರಬೇಕಲ್ಲ. ಅಂಥದ್ದೇ ಕೋವಾಕ್ಸ್‌ಗೆ ದುಡ್ಡು. ತಿಂಗಳ ಚಂದಾ ಕಟ್ಟಿ ಪ್ರಾಕ್ಟೀಸ್ ಸರ್ವರ್ ತೆಗೆದುಕೊಳ್ಳುವ ಸೈಟ್‌ಗಳೂ ಇವೆ, ಅವೂ ದುಡ್ಡೇ. ಅಂದರೆ ಗೇಮ್ ಎಲ್ಲರಿಗೂ ಫ್ರೀ, ಕಲಿಯೋ ಜಾಗ ಮಾತ್ರ ಸ್ವಂತ ಪಿಸಿ ಇರೋರಿಗೆ. ಆಮೇಲೆ ಇಬ್ಬರನ್ನೂ ತಂದು ಒಂದೇ ರ್‍ಯಾಂಕ್ಡ್ ಲಾಬಿಗೆ, ಅಂದರೆ ಗೆದ್ದು ಸೋತಂತೆ ದರ್ಜೆ ಏರಿಳಿಯುವ ಮ್ಯಾಚ್‌ಗೆ, ಹಾಕುತ್ತಾರೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಪ್ರಾಕ್ಟೀಸ್‌ಗೆ ಜಾಗ ಇಲ್ಲದವನು ಎಲ್ಲಿ ಪ್ರಾಕ್ಟೀಸ್ ಮಾಡುತ್ತಾನೆ? ರ್‍ಯಾಂಕ್ಡ್‌ನಲ್ಲೇ. ಅವನ ಜೊತೆ ಇರುವ ನಾಲ್ಕು ಜನರ ಮ್ಯಾಚ್ ಅದು. ಸಿಎಸ್2ರಲ್ಲಿ 13 ರೌಂಡ್ ಗೆಲ್ಲಬೇಕು. ಒಬ್ಬ ಇನ್ನೂ ಮಿರಾಜ್ ಮ್ಯಾಪ್‌ನಲ್ಲಿ ಕಿಟಕಿಗೆ ಸ್ಮೋಕ್ ಎಲ್ಲಿಂದ ಎಸೆಯೋದು ಅಂತ ಹುಡುಕುತ್ತಾ ಸ್ಪಾನ್‌ನಲ್ಲೇ (ರೌಂಡ್ ಶುರುವಾಗುವ ಜಾಗ) ನಿಂತಿದ್ದರೆ ಉಳಿದವರಿಗೆ ರೇಗದೇ ಇರುತ್ತಾ? ಅವನ ತಪ್ಪೂ ಅಲ್ಲ ಅದು, ಇವರ ತಪ್ಪೂ ಅಲ್ಲ.

ಮ್ಯಾಪ್ ಮಾಡುವ ಹುಡುಗರ ಮೇಲೆ ನನಗೆ ಬಹಳ ಗೌರವ. ಸುಮ್ನೆ ಪ್ರೀತಿಗೆ ಮಾಡಿ ಹಂಚುತ್ತಾರೆ. ಆದರೆ ಸಿಎಸ್2 ಸೋರ್ಸ್ 2 ಎಂಜಿನ್‌ಗೆ (ಗೇಮ್ ಓಡಿಸುವ ಹೊಸ ತಂತ್ರಾಂಶ) ಹೋದಾಗ ಹಳೇ ವರ್ಕ್‌ಶಾಪ್ ಮ್ಯಾಪ್‌ಗಳು ಹಾಗೇ ಓಡಲಿಲ್ಲ, ಅವರು ಮತ್ತೆ ಕೂತು ಮಾಡಬೇಕಾಯಿತು. ಇಷ್ಟು ದೊಡ್ಡ ಗೇಮ್‌ನ ಪಾಠಶಾಲೆ ಪೂರ್ತಿ ಹೊರಗಿನವರ ಬಿಡುವಿನ ವೇಳೆ ಮೇಲೆ ನಿಂತಿರಬೇಕಾ?

ಎಂಟ್ರಿ_ಮೊದಲು

ಕೆಫೆ ವಿಷಯ ಸರಿ, ಒಪ್ಪುತ್ತೇನೆ. ಆದರೆ ತರಬೇತಿ ಮೋಡ್ ಇದ್ದರೆ ಜನ ಕಲಿಯುತ್ತಾರೆ ಅನ್ನೋದನ್ನು ಒಪ್ಪಲ್ಲ.

ವ್ಯಾಲೊರಂಟ್ ರೇಂಜ್‌ನಲ್ಲಿ 30 ಬಾಟ್ ಟೆಸ್ಟ್ ಇದೆಯಲ್ಲ, ಈಸಿ, ಮೀಡಿಯಂ, ಹಾರ್ಡ್. ಅದರಲ್ಲಿ ಚೆನ್ನಾಗಿ ಸ್ಕೋರ್ ಮಾಡಿ ಮ್ಯಾಚ್‌ನಲ್ಲಿ ಬಂದು ತಲೆ ಕೆಳಗೆ ಹಾಕಿಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಯಾಕೆ? ಬಾಟ್ ನಿಮ್ಮ ಎದುರಿಗೇ ಬಂದು ನಿಲ್ಲುತ್ತದೆ. ಎಲ್ಲಿಂದ ಬರಬಹುದು ಅಂತ ಯೋಚಿಸುವ ಕೆಲಸವೇ ಇಲ್ಲ. ಮ್ಯಾಚ್‌ನಲ್ಲಿ ಅರ್ಧ ಜಗಳ ಗುಂಡು ಹೊಡೆಯೋ ಮೊದಲೇ ಮುಗಿದಿರುತ್ತದೆ. ಕ್ರಾಸ್‌ಹೇರ್ (ಗುರಿಯ ಗುರುತು) ತಲೆಯ ಎತ್ತರಕ್ಕೆ ಇತ್ತಾ, ಮೂಲೆಯಿಂದ ಎಷ್ಟು ದೂರ ಇತ್ತು, ಹೊರಗೆ ಬಂದಾಗ ಒಬ್ಬರಿಗೆ ಕಾಣಿಸಿದಿರಾ ಇಬ್ಬರಿಗಾ. ಇದನ್ನು ರೇಂಜ್ ಕಲಿಸಲ್ಲ. ನೆಟ್ಸ್‌ನಲ್ಲಿ ಬೌಲಿಂಗ್ ಮಷೀನ್ ಮುಂದೆ ನಿಂತು ಕವರ್ ಡ್ರೈವ್ ಹೊಡೆದ ಹಾಗೆ ಅದು, ಫೀಲ್ಡರ್ ಎಲ್ಲಿದ್ದಾನೆ ಅಂತ ಮಷೀನ್ ಹೇಳಲ್ಲ.

ಅದಕ್ಕಿಂತ ಡೆತ್‌ಮ್ಯಾಚ್ ಸಾವಿರ ಪಾಲು ಮೇಲು. ವ್ಯಾಲೊರಂಟ್‌ನಲ್ಲಿ 14 ಜನ, ಎಲ್ಲರೂ ಮನುಷ್ಯರು, 40 ಕಿಲ್ ಮೊದಲು ಮಾಡಿದವರು ಗೆದ್ದರು. 2023ರಲ್ಲಿ ಟೀಮ್ ಡೆತ್‌ಮ್ಯಾಚ್ ಕೂಡ ಬಂತು. ಅದರ ಜೊತೆ ಒಳ್ಳೇ ರಿಪ್ಲೇ ಇರಲಿ, ಸತ್ತ ಜಾಗಕ್ಕೆ ಹೋಗಿ ಎದುರಾಳಿಯ ಕಣ್ಣಿನಲ್ಲಿ ನೋಡಿಕೊಳ್ಳಲಿ. ಸಿಎಸ್‌ನಲ್ಲಿ ಡೆಮೊ (ಮ್ಯಾಚ್‌ನ ರೆಕಾರ್ಡಿಂಗ್) ಮೊದಲಿಂದಲೂ ಇದೆ, ಅದನ್ನು ತೆರೆದು ನೋಡುವವರು ಎಷ್ಟು ಜನ ಹೇಳಿ. ನನಗೆ ಬೇಕಿರೋದು ಒಳ್ಳೇ ಡೆತ್‌ಮ್ಯಾಚ್, ಒಳ್ಳೇ ರಿಪ್ಲೇ. ಬಾಟ್ ತುಂಬಿದ ಹಾಲ್ ಬೇಡ.

ಸೇಜ್_ಮೈನ್

ಡೆತ್‌ಮ್ಯಾಚ್‌ನಲ್ಲಿ ಕಲಿಯಿರಿ ಅನ್ನೋರು ಒಂದು ವಿಷಯ ಯೋಚನೆ ಮಾಡಬೇಕು. ಮನುಷ್ಯರ ಜೊತೆ ಕಲಿಯೋದು ಎಲ್ಲರಿಗೂ ಒಂದೇ ಥರ ಇರಲ್ಲ.

ನಾನು ಹುಡುಗಿ. ಹೊಸದರಲ್ಲಿ ಒಂದು ಗೇಮ್‌ನಲ್ಲಿ ಮೈಕ್ ಆನ್ ಮಾಡಿ "ಬಿ ಸೈಟ್‌ನಲ್ಲಿ ಒಬ್ಬ" ಅಂದಿದ್ದಕ್ಕೇ ಶುರುವಾಯಿತು. ಆ ರೌಂಡ್‌ನಲ್ಲಿ ನಾನು ಸತ್ತಿದ್ದು ನಾಲ್ಕನೆಯವಳಾಗಿ, ಆದರೂ ಬೈಗುಳ ಎಲ್ಲ ನನಗೇ. ಬೈದ ಮಾತುಗಳನ್ನು ಇಲ್ಲಿ ಬರೆಯಲ್ಲ, ನಿಮಗೆ ಗೊತ್ತಿರುತ್ತದೆ. ನನ್ನ ಗೆಳತಿಯರಲ್ಲಿ ಕೆಲವರು ಅಲ್ಲಿಗೇ ಗೇಮ್ ಬಿಟ್ಟರು. ಕೈ ಚೆನ್ನಾಗಿತ್ತು ಅವರದ್ದು, ಅದೇ ಬೇಜಾರು.

ನಾನು ಉಳಿದಿದ್ದು ಒಬ್ಬಳೇ ಕೂತು ಕಲಿಯಲು ಜಾಗ ಸಿಕ್ಕಿದ್ದರಿಂದ. ವ್ಯಾಲೊರಂಟ್‌ನಲ್ಲಿ ಕಸ್ಟಮ್ ಗೇಮ್ ತೆರೆದು, ಚೀಟ್ಸ್ ಆನ್ ಮಾಡಿ, ಎಬಿಲಿಟಿ (ಪಾತ್ರದ ವಿಶೇಷ ಶಕ್ತಿ) ಮುಗಿಯದ ಹಾಗೆ ಇಟ್ಟುಕೊಂಡು ಸೇಜ್ ಅನ್ನೋ ಪಾತ್ರದ ಗೋಡೆಯನ್ನು ಎಲ್ಲೆಲ್ಲಿ ನಿಲ್ಲಿಸಬಹುದು ಅಂತ ಒಂದೊಂದೇ ಮೂಲೆ ನೋಡಿಕೊಂಡೆ. ಯಾರೂ ಅವಸರ ಮಾಡಲ್ಲ, ಯಾರೂ ನಗಲ್ಲ.

ರೇಂಜ್ ಏನೂ ಕಲಿಸಲ್ಲ ಅನ್ನೋದೂ ಸರಿಯಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಬಾಟ್‌ಗೆ ಆರ್ಮರ್ ಹಾಕಿ. ಫ್ಯಾಂಟಮ್ ಗನ್ ತೆಗೆದುಕೊಂಡು ಹತ್ತಿರದಿಂದ ತಲೆಗೆ ಒಂದು ಹೊಡೆಯಿರಿ, ಬಿದ್ದುಹೋಗುತ್ತದೆ. 15 ಮೀಟರ್‌ಗಿಂತ ಹಿಂದಕ್ಕೆ ಹೋಗಿ ಅದೇ ತಲೆಗೆ ಹೊಡೆಯಿರಿ, ಬೀಳಲ್ಲ. ಯಾಕಂದ್ರೆ ಹತ್ತಿರದಲ್ಲಿ ಡ್ಯಾಮೇಜ್ 156, ದೂರ ಹೋದಂತೆ 140, ಇನ್ನೂ ದೂರಕ್ಕೆ 124. ಎದುರಿನವರಿಗೆ ದೊಡ್ಡ ಶೀಲ್ಡ್ ಇದ್ದರೆ ಜೀವ, ಶೀಲ್ಡ್ ಸೇರಿ ಒಟ್ಟು 150. ಹತ್ತು ಉಳಿಸಿಕೊಂಡು ತಿರುಗಿ ನಿಮ್ಮನ್ನು ಹೊಡೆಯುತ್ತಾರೆ. ವ್ಯಾಂಡಲ್ ಗನ್ ಆದರೆ ಎಷ್ಟು ದೂರದಿಂದಲೂ ತಲೆಗೆ 160. ಈ ವ್ಯತ್ಯಾಸ ಮ್ಯಾಚ್‌ನಲ್ಲಿ ಗೊತ್ತಾಗಬೇಕಾದರೆ ಎಷ್ಟು ಸಲ "ಹೊಡೆದೆ ಆದರೂ ಸಾಯಲಿಲ್ಲ" ಅಂತ ಕೂಗಬೇಕು? ರೇಂಜ್‌ನಲ್ಲಿ ನಾಲ್ಕು ಹೆಜ್ಜೆ ಹಿಂದೆ ಹೋದರೆ ಸಾಕು.

ಎಂಟ್ರಿ_ಮೊದಲು

@ಸೇಜ್_ಮೈನ್ ಬೈಗುಳದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನೀವು ಹೇಳಿದ್ದು ಸರಿ. ಫ್ಯಾಂಟಮ್ ಉದಾಹರಣೆಯೂ ಒಪ್ಪಿದೆ. ಗನ್ ತಿಳಿಯಲು ರೇಂಜ್ ಬೇಕು. ಗೇಮ್ ತಿಳಿಯಲು ಅದು ಸಾಲದು ಅನ್ನೋದು ನನ್ನ ಮಾತು.

ಜೈರೋ_ಗುರು

ಮೊಬೈಲ್ ಕಡೆಯಿಂದ ಎರಡು ಮಾತು. ಬಿಜಿಎಂಐನಲ್ಲಿ ಟ್ರೈನಿಂಗ್ ಗ್ರೌಂಡ್ ಇಲ್ಲದಿದ್ದರೆ ನಾನು ಜೈರೋ ಕಲಿಯುತ್ತಲೇ ಇರಲಿಲ್ಲ. ಫೋನನ್ನೇ ಅಲ್ಲಾಡಿಸಿ ರಿಕಾಯಿಲ್ (ಗನ್ನಿನ ಒದೆತ) ಹಿಡಿಯೋದು ಅಂದರೆ ಸೆನ್ಸಿಟಿವಿಟಿ ಒಂದೊಂದು ಸ್ಕೋಪ್‌ಗೂ ಬೇರೆ ಬೇರೆ ಇಡಬೇಕು, ರೆಡ್ ಡಾಟ್‌ಗೆ ಒಂದು, 3ಎಕ್ಸ್‌ಗೆ ಒಂದು, 4ಎಕ್ಸ್‌ಗೆ ಒಂದು. ಎಂ416 ಗನ್‌ಗೆ ಕಾಂಪೆನ್ಸೇಟರ್ (ಒದೆತ ಕಡಿಮೆ ಮಾಡುವ ಭಾಗ) ಹಾಕಿ ಗೋಡೆಗೆ ಒಂದು ಮ್ಯಾಗ್ ಖಾಲಿ ಮಾಡೋದು, ಗುರುತು ನೋಡೋದು, ಸೆಟ್ಟಿಂಗ್ಸ್‌ಗೆ ಹೋಗಿ ಸ್ವಲ್ಪ ಕಡಿಮೆ ಮಾಡೋದು, ಮತ್ತೆ ಖಾಲಿ ಮಾಡೋದು. ಇದನ್ನು ಮ್ಯಾಚ್‌ನಲ್ಲಿ, ಎರಂಗೆಲ್ ಮ್ಯಾಪ್‌ಗೆ ಇಳಿದು ಮಾಡೋಕೆ ಆಗುತ್ತಾ? ಗನ್ ಸಿಗೋ ಹೊತ್ತಿಗೆ ನಾನೇ ಇರಲ್ಲ.

ಹೊಸ ಫೋನ್ ತೆಗೆದುಕೊಂಡಾಗಲೂ ಅಷ್ಟೇ. ಸ್ಕ್ರೀನ್ ಅಳತೆ ಬೇರೆ, ಟಚ್ ಬೇರೆ, ಎಲ್ಲ ಮೊದಲಿಂದ. ಪ್ರಾಕ್ಟೀಸ್ ಮೋಡ್ ಹೊಸಬರಿಗೆ ಮಾತ್ರ ಅಂದುಕೊಳ್ಳಬೇಡಿ.

ಫ್ರೇಮ್_ಡೇಟಾ

ನಾನು ಜಾಸ್ತಿ ಆಡೋದು ಫೈಟಿಂಗ್ ಗೇಮ್. ಶೂಟರ್‌ನವರ ಈ ಜಗಳ ನೋಡಿದರೆ ನನಗೆ ಒಂದೇ ಅನ್ನಿಸುತ್ತದೆ: ನೀವು ತರಬೇತಿ ಮೋಡ್ ಅಂದ ಕೂಡಲೇ ಗುರಿ ಇಡೋದು ಅಂತ ಯಾಕೆ ಅಂದುಕೊಳ್ಳುತ್ತೀರಿ?

ಸ್ಟ್ರೀಟ್ ಫೈಟರ್ 6 ತೆಗೆದುಕೊಳ್ಳಿ, 2023ರದ್ದು. ಅದರ ಟ್ರೈನಿಂಗ್‌ನಲ್ಲಿ ಎದುರಿನ ಗೊಂಬೆಗೆ ನೀವೇ ಒಂದು ಪಟ್ಟು ರೆಕಾರ್ಡ್ ಮಾಡಬಹುದು. ನಿನ್ನೆ ರಾತ್ರಿ ಯಾವ ಪಟ್ಟಿಗೆ ಸೋತಿರೋ ಅದನ್ನೇ ಹಾಕಿ, ಅದೇ ಪಟ್ಟು ಮತ್ತೆ ಮತ್ತೆ ಬರುತ್ತದೆ, ಉತ್ತರ ಸಿಗೋವರೆಗೂ ಬರುತ್ತದೆ. ಯಾವ ಏಟಿನ ನಂತರ ಯಾರಿಗೆ ಮೊದಲು ಕೈ ಎತ್ತಲು ಆಗುತ್ತದೆ ಅಂತ ಫ್ರೇಮ್ ಲೆಕ್ಕದಲ್ಲಿ ಕೆಳಗೆ ಪಟ್ಟಿ ಓಡುತ್ತದೆ. ರಾಕೆಟ್ ಲೀಗ್‌ನಲ್ಲೂ ಹಾಗೇ, ಒಂದೇ ಶಾಟ್ ಅನ್ನು ಆಟಗಾರರೇ ಕಟ್ಟಿ ಕೋಡ್ ಹಂಚುತ್ತಾರೆ. ಅದು ಗೇಮ್ ಒಳಗೇ ಇದೆ.

ಶೂಟರ್‌ನಲ್ಲಿ ಇದು ಯಾಕಿಲ್ಲ? ವ್ಯಾಲೊರಂಟ್‌ನ ಸ್ಪೈಕ್, ಅಂದರೆ ಅಲ್ಲಿಯ ಬಾಂಬ್ ನೋಡಿ. ಇಟ್ಟ ಮೇಲೆ ಸಿಡಿಯಲು 45 ಸೆಕೆಂಡ್. ಪೂರ್ತಿ ಡಿಫ್ಯೂಸ್‌ಗೆ (ಸಿಡಿಯದ ಹಾಗೆ ಮಾಡಲು) 7 ಸೆಕೆಂಡ್, ಮೂರೂವರೆಗೆ ಅರ್ಧ ದಾಟಿದರೆ ಅಷ್ಟು ಉಳಿಯುತ್ತದೆ, ಎದ್ದು ಹೋಗಿ ಜಗಳ ಆಡಿ ಬಂದು ಉಳಿದ ಅರ್ಧ ಮಾಡಬಹುದು. ಈಗ ಒಬ್ಬರ ಎದುರು ಒಬ್ಬರು, ಟೈಮರ್ ಓಡುತ್ತಿದೆ. ಸುಮ್ನೆ ಒತ್ತಿ ಸದ್ದು ಮಾಡಿ ಬಿಟ್ಟು ಅವನನ್ನು ಹೊರಗೆ ಎಳೆಯೋದಾ, ಅರ್ಧ ಮಾಡಿಯೇ ಏಳೋದಾ, ಕಚ್ಚಿ ಹಿಡಿದು ಪೂರ್ತಿ ಮಾಡೋದಾ? ಇಡೀ ಮ್ಯಾಚ್ ಈ ಒಂದು ನಿರ್ಧಾರದ ಮೇಲೆ ನಿಂತಿರುತ್ತದೆ. ಆದರೆ ಒಂದು ಸಂಜೆಯ ಆಟದಲ್ಲಿ ಇಂಥ ಸಂದರ್ಭ ನಿಮ್ಮ ಕೈಗೆ ಎಷ್ಟು ಸಲ ಬರುತ್ತದೆ? ಒಂದೋ ಎರಡೋ. ರೇಂಜ್‌ನಲ್ಲಿ ಡಿಫ್ಯೂಸ್ ಅಭ್ಯಾಸ ಇದೆ, ಆದರೆ ಅಲ್ಲಿಯ ಬಾಟ್‌ಗಳಿಗೆ ಈ ಆಟ ಗೊತ್ತಿಲ್ಲ. ಸುಳ್ಳು ಸದ್ದಿಗೆ ಮೋಸ ಹೋಗೋದೂ ಇಲ್ಲ, ಅನುಮಾನ ಪಡೋದೂ ಇಲ್ಲ.

ಎಂಟ್ರಿ_ಮೊದಲು ಅವರು ಹೇಳಿದ ದೂರು ಸರಿಯಾಗಿಯೇ ಇದೆ. ಅದು ತರಬೇತಿ ಮೋಡ್ ಇದೆ ಅನ್ನೋದರ ಮೇಲಿನ ದೂರು ಅಲ್ಲ, ಅರ್ಧಂಬರ್ಧ ಮಾಡಿದ್ದರ ಮೇಲಿನ ದೂರು. ಬೇಕಿರೋದು ಸನ್ನಿವೇಶ. 20 ಸೆಕೆಂಡ್ ಉಳಿದಿದೆ, ಎದುರಿನವನು ಇಲ್ಲಿದ್ದಾನೆ, ನಿಮ್ಮ ಹತ್ತಿರ ಒಂದು ಸ್ಮೋಕ್ ಇದೆ, ಆಡಿ. ಸತ್ತರೆ ಒಂದೇ ಬಟನ್, ಮತ್ತೆ ಅದೇ 20 ಸೆಕೆಂಡ್.

ಕೆಫೆ_ಕಾರ್ನರ್

@ಫ್ರೇಮ್_ಡೇಟಾ ಇದೇ ಬೇಕಾಗಿದ್ದು. ಸಿಎಸ್‌ನಲ್ಲಿ ಇದಕ್ಕೆ ಹತ್ತಿರ ಬರೋದು ವೈಪ್ರಾಕ್‌ನ ಮ್ಯಾಪ್‌ಗಳು. ಜನ ಸಾಮಾನ್ಯವಾಗಿ ಅಡಗುವ ಮೂಲೆಗಳಲ್ಲೇ ಬಾಟ್ ನಿಲ್ಲಿಸಿರುತ್ತಾರೆ, ನೀವು ಸೈಟ್‌ಗೆ ನುಗ್ಗುತ್ತಾ ಒಂದೊಂದು ಮೂಲೆ ಸ್ವಚ್ಛ ಮಾಡಬೇಕು. ಆದರೆ ಮತ್ತೆ ಅದೇ ಡೌನ್‌ಲೋಡ್.

ಇನ್ನೊಂದು ಸೇರಿಸುತ್ತೇನೆ. ನಿಲ್ಲೋದನ್ನು ಕಲಿಸಲಿ. ಸಿಎಸ್‌ನಲ್ಲಿ ಎ ಕೀ ಒತ್ತಿ ಎಡಕ್ಕೆ ಓಡುತ್ತಿದ್ದೀರಿ ಅಂದುಕೊಳ್ಳಿ, ಬೆರಳು ಎತ್ತಿದರೆ ಸಾಲದು, ಬಲಕ್ಕೆ ಹೋಗುವ ಡಿ ಕೀ ಒಂದು ಚೂರು ಒತ್ತಬೇಕು, ಆಗಲೇ ಮೈ ತಕ್ಷಣ ನಿಲ್ಲುತ್ತದೆ, ಆಗಲೇ ಮೊದಲ ಗುಂಡು ನೇರ ಹೋಗುತ್ತದೆ. ಬೇಗ ಹೊಡೆದರೆ ಗುಂಡು ಅಡ್ಡ, ತಡ ಮಾಡಿದರೆ ನೀವು ಮಲಗಿರುತ್ತೀರಿ. ಗೇಮ್ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಲ್ಲ. ಯಾವುದೋ ವಿಡಿಯೋ ನೋಡಿಯೇ ತಿಳಿದುಕೊಳ್ಳಬೇಕು. ಪರದೆ ಮೇಲೆ ಒಂದು ಗೆರೆ ಹಾಕಿ, ನೀನು ಹೊಡೆದಾಗ ನಿನ್ನ ವೇಗ ಇಷ್ಟಿತ್ತು ಅಂತ ತೋರಿಸಿದರೆ ಸಾಕಲ್ವಾ?

ತುಂಗಾ_ಟ್ಯಾಪ್

ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ ಉಳಿದಿದೆ. ಸ್ಪ್ರೇ ಕಲಿಸೋ ಭಾಗ ಎಲ್ಲ ಗೇಮ್‌ಗೂ ಒಂದೇ ಥರ ಬೇಕಾ? ಸಿಎಸ್‌ನಲ್ಲಿ ಎಕೆಯ 30 ಗುಂಡು ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ದಾರಿ ಹಿಡಿಯುತ್ತವೆ, ಮೊದಲು ಮೇಲಕ್ಕೆ, ಆಮೇಲೆ ಪಕ್ಕಕ್ಕೆ, ಮತ್ತೆ ಆ ಕಡೆಗೆ. ವ್ಯಾಲೊರಂಟ್‌ನಲ್ಲಿ ಮೇಲಕ್ಕೆ ಏರಿದ ಮೇಲೆ ಯಾವ ಪಕ್ಕಕ್ಕೆ ವಾಲುತ್ತದೆ ಅಂತ ಹೇಳೋಕೆ ಆಗಲ್ಲ.

ಎಂಟ್ರಿ_ಮೊದಲು

ಬೇಡ. ಸಿಎಸ್‌ಗೆ ಸ್ಪ್ರೇ ಗೋಡೆ ಬೇಕೇ ಬೇಕು, ಬಾಯಿಪಾಠ ಮಾಡಿದ್ದು ಫಲ ಕೊಡುತ್ತದೆ. ವ್ಯಾಲೊರಂಟ್‌ಗೆ ನಾಲ್ಕೈದು ಗುಂಡು ಹೊಡೆದು ನಿಲ್ಲಿಸೋದನ್ನು ಕಲಿಸಲಿ. ಸಿಎಸ್2ರಲ್ಲಿ ಸ್ಮೋಕ್ ಒಳಗೆ ಬಾಂಬ್ ಎಸೆದರೆ ಒಂದು ಕ್ಷಣ ಸೀಳಿ ದಾರಿ ಕಾಣುತ್ತದೆಯಲ್ಲ, ಅದಕ್ಕೂ ಒಂದು ಪಾಠ ಇರಲಿ, ಎಷ್ಟೋ ಹಳೇ ಆಟಗಾರರೇ ಅದನ್ನು ಬಳಸಲ್ಲ.

ಫ್ರೇಮ್_ಡೇಟಾ ಹೇಳಿದ ಸನ್ನಿವೇಶದ ಮೋಡ್ ಬಂದರೆ ನಾನು ದಿನಾ ಆಡುತ್ತೇನೆ. ಒಂದೇ ಷರತ್ತು. ಬಾಟ್‌ಗೆ ಯಾರೋ ಬರೆದುಕೊಟ್ಟ ಆಟ ಬೇಡ. ನನ್ನದೇ ಮ್ಯಾಚ್‌ನ ಡೆಮೊದಿಂದ ಆ ರೌಂಡ್ ಎತ್ತಿ ಹಾಕಲಿ. ನನ್ನನ್ನು ಕೊಂದವನು ಎಲ್ಲಿ ನಿಂತಿದ್ದನೋ ಅಲ್ಲೇ ನಿಲ್ಲಲಿ, ಯಾವ ಸೆಕೆಂಡ್‌ಗೆ ಹೊರಗೆ ಬಂದನೋ ಅದೇ ಸೆಕೆಂಡ್‌ಗೆ ಬರಲಿ.