ಯೂರೇಲ್ ಪಾಸ್ ಕೊಳ್ಳುವ ಮೊದಲು ರೈಲಿನ ಸಮಯ, ಸೀಟು ನೋಡಿಕೊಳ್ಳುವುದು ಹೇಗೆ?

ತುಂಗಾತೀರ, ಶಿವಮೊಗ್ಗ:

ಮೇ ತಿಂಗಳಲ್ಲಿ, ಮಳೆ ಹಿಡಿಯುವುದರೊಳಗೆ ಯುರೋಪಿಗೆ ಹೋಗಿಬರುವ ಯೋಚನೆ. ನಾನು, ಹೆಂಡತಿ, 63 ವರ್ಷದ ಅಮ್ಮ, 9 ವರ್ಷದ ಮಗಳು. ಪ್ಯಾರಿಸ್‌ನಲ್ಲಿ ಇಳಿದು ಲೂಸರ್ನ್, ಸಾಲ್ಜ್‌ಬರ್ಗ್, ವಿಯೆನ್ನಾ. ಅಲ್ಲಿಂದ ರಾತ್ರಿ ರೈಲಿನಲ್ಲಿ ವೆನಿಸ್, ಕೊನೆಗೆ ರೋಮ್. ಮಧ್ಯೆ ಒಂದು ದಿನ ಲೂಸರ್ನ್‌ನಿಂದ ಇಂಟರ್‌ಲಾಕೆನ್‌ಗೆ ಹೋಗಿ ಬರಬೇಕು.

ಏಜೆಂಟರು “7 ದಿನದ ಯೂರೇಲ್ ಪಾಸ್ (ಯುರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸ್) ತಗೊಳ್ಳಿ, ಆಮೇಲೆ ಯಾವ ರೈಲು ಬೇಕಾದರೂ ಹತ್ತಿ” ಅನ್ನುತ್ತಾರೆ. ಆದರೆ ಕೆಲವು ರೈಲಿಗೆ ಪಾಸ್ ಇದ್ದರೂ ಸೀಟು ಬೇರೆ ಕಾಯ್ದಿರಿಸಬೇಕು ಅಂತ ಓದಿದೆ. ಪಾಸ್‌ಗೆ ದುಡ್ಡು ಹಾಕುವ ಮೊದಲೇ ಸಮಯ ಮತ್ತು ಸೀಟು ನೋಡಲು ಆಗುತ್ತದೆಯೇ? ನಮ್ಮ ದಾರಿಯಲ್ಲಿ ಎಲ್ಲೆಲ್ಲಿ ಸೀಟು ಕಡ್ಡಾಯ? 7 ದಿನ ನಿಜಕ್ಕೂ ಬೇಕಾ?

ಹಳಿಗುಂಟ, ಭದ್ರಾವತಿ:

ಏಜೆಂಟರ ಮಾತು ಅರ್ಧ ಸರಿ. ನಮ್ಮಲ್ಲಿ ರಿಸರ್ವೇಶನ್ ಟಿಕೆಟ್ ಅಂದರೆ ಪ್ರಯಾಣದ ಹಕ್ಕು, ಸೀಟು ಎರಡೂ ಒಟ್ಟಿಗೆ. ಯೂರೇಲ್ ಪಾಸ್ ಹಾಗಲ್ಲ, ಅದು ಪ್ರಯಾಣದ ಹಕ್ಕು ಮಾತ್ರ. ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ, ಜರ್ಮನಿಯ ಬಹುಪಾಲು ಹಗಲು ರೈಲುಗಳಿಗೆ ಅಷ್ಟು ಸಾಕು, ತಾಳಗುಪ್ಪ ಗಾಡಿಯ ಜನರಲ್ ಬೋಗಿ ಹತ್ತಿದ ಹಾಗೆ ಹತ್ತಿ ಕೂರಬಹುದು. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚರೋಸ್ಸಾ ಎಂಬ ಅತಿವೇಗದ ರೈಲುಗಳು, ಎಲ್ಲ ನೈಟ್‌ಜೆಟ್ ರಾತ್ರಿ ರೈಲುಗಳಿಗೆ ಸೀಟು ಅಥವಾ ಬರ್ತ್ ಕಡ್ಡಾಯ. ಇಲ್ಲದೆ ಹತ್ತಿದರೆ ದಂಡ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಫ್ರಾನ್ಸಿನಲ್ಲಿ ಪಾಸ್‌ನವರಿಗೆ ಅಂತ ಪ್ರತಿ ಟಿಜಿವಿಯಲ್ಲಿ ಇಷ್ಟು ಸೀಟು ಎಂಬ ಕೋಟಾ ಇದೆ, ನಮ್ಮಲ್ಲಿ ತತ್ಕಾಲ್ ಕೋಟಾ ಬೇರೆ ಇರುವ ಹಾಗೆ. ಮಾಮೂಲಿ ಟಿಕೆಟ್ ಹುಡುಕಾಟದಲ್ಲಿ ಸೀಟು ಕಂಡರೆ ಪಾಸ್‌ಗೂ ಸೀಟು ಇದೆ ಎಂದರ್ಥವಲ್ಲ. ಕೋಟಾ ತುಂಬಿದರೆ ಪಾಸ್ ಕೈಯಲ್ಲಿದ್ದೂ ಪೂರ್ತಿ ಬೆಲೆಯ ಟಿಕೆಟ್ ಕೊಳ್ಳಬೇಕಾಗುತ್ತದೆ. ಅಲ್ಲಿ ಆರ್‌ಎಸಿ ಸಿಗುವುದಿಲ್ಲ. ಹಾಗಾಗಿ ಸೀಟನ್ನು “ಪಾಸ್ ಇದೆ” ಎಂದು ಆಯ್ಕೆ ಮಾಡಿಯೇ ಹುಡುಕಬೇಕು.

ಇದನ್ನು ಪಾಸ್ ಕೊಳ್ಳುವ ಮೊದಲೇ ಮಾಡಬಹುದು:

ಸಮಯಕ್ಕೆ ಜರ್ಮನ್ ರೈಲ್ವೆಯ ಜಾಲತಾಣ ಒಳ್ಳೆಯದು. ಬೇರೆ ದೇಶಗಳ ರೈಲುಗಳ ವೇಳೆಯೂ ಅದರಲ್ಲಿ ಸಿಗುತ್ತದೆ, ಸೀಟು ಕಡ್ಡಾಯವಿದ್ದರೆ ರೈಲಿನ ವಿವರದಲ್ಲಿ ಬರೆದಿರುತ್ತದೆ. ಯೂರೇಲ್‌ನದೇ ರೈಲ್ ಪ್ಲಾನರ್ ಆ್ಯಪ್‌ನಲ್ಲಿ ಕಡ್ಡಾಯ ಸೀಟಿನ ರೈಲುಗಳನ್ನು ಬಿಟ್ಟು ತೋರಿಸು ಎಂಬ ಆಯ್ಕೆ ಇದೆ. ಅದನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು, ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಾರಿ ಎಲ್ಲಿ ಬದಲಾಗುತ್ತದೆ ಎಂದು ಕಣ್ಣಿಗೆ ಬೀಳುತ್ತದೆ. ಆ್ಯಪ್ ನೆಟ್ ಇಲ್ಲದಾಗ ತೋರಿಸುವುದು ಮೊದಲೇ ಇಳಿಸಿಕೊಂಡ ವೇಳಾಪಟ್ಟಿ. ಅದರಲ್ಲಿ ಅವತ್ತಿನ ತಡ, ರದ್ದು ಇರುವುದಿಲ್ಲ. ಅದೊಂದನ್ನೇ ನಂಬಬೇಡಿ, ಆಯಾ ದೇಶದ ರೈಲ್ವೆಯಲ್ಲಿ ಇನ್ನೊಮ್ಮೆ ನೋಡಿ.

ಬರ್ತ್ ದರಕ್ಕೆ ಆಸ್ಟ್ರಿಯಾ ರೈಲ್ವೆಯ ತಾಣ. ಪ್ರಯಾಣಿಕರನ್ನು ಸೇರಿಸುವಾಗ ರಿಯಾಯಿತಿ ಕಾರ್ಡ್ ಪಟ್ಟಿಯಲ್ಲಿ ಇಂಟರ್‌ರೇಲ್/ಯೂರೇಲ್ ಆಯ್ಕೆ ಮಾಡಿದರೆ ಪಾಸ್‌ನವರು ಕಟ್ಟಬೇಕಾದ ಮೊತ್ತ ಮಾತ್ರ ಕಾಣುತ್ತದೆ. ಹಣ ಕಟ್ಟುವ ಹಂತಕ್ಕೆ ಹೋಗದೆ ಅಲ್ಲೇ ನಿಲ್ಲಿಸಿ.

ನಿಮ್ಮ ನಿಜವಾದ ತಾರೀಖನ್ನೇ ಹಾಕಿ ಹುಡುಕಿ, “ಮೇ ತಿಂಗಳ ಯಾವುದೋ ಮಂಗಳವಾರ” ಬೇಡ. ಮೇ 1 ಮತ್ತು ಮೇ 8 ಫ್ರಾನ್ಸಿನಲ್ಲಿ ರಜೆ. ಈಸ್ಟರ್ ಲೆಕ್ಕದ ಅಸೆನ್ಷನ್ ಗುರುವಾರ ಸಾಮಾನ್ಯವಾಗಿ ಮೇ ತಿಂಗಳಲ್ಲೇ ಬರುತ್ತದೆ. ಅವತ್ತು ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ ಮೂರೂ ಕಡೆ ರಜೆ. ಶುಕ್ರವಾರವನ್ನೂ ಸೇರಿಸಿ ಜನ ನಾಲ್ಕು ದಿನ ಊರು ಬಿಡುತ್ತಾರೆ, ಪಾಸ್ ಕೋಟಾ ಮೊದಲು ಖಾಲಿಯಾಗುವುದೇ ಆಗ. ಯುರೋಪಿನ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರಾಂತ್ಯಕ್ಕೆ ಬದಲಾಗುತ್ತದೆ ಎಂಬುದೂ ನೆನಪಿರಲಿ. ಅದಕ್ಕೂ ಮೊದಲು ಮೇ ತಿಂಗಳ ರೈಲು ಹುಡುಕಿದರೆ ಏನೂ ಬರದಿರಬಹುದು, ಬಂದರೂ ಅರ್ಧಂಬರ್ಧ.

ತಾಳಗುಪ್ಪ ಲೈನ್, ಸಾಗರ:

ಹಳಿಗುಂಟ ಅವರು ಹೇಳಿದ್ದನ್ನು ನಿಮ್ಮ ದಾರಿಗೆ ಹಚ್ಚಿ ನೋಡುತ್ತೇನೆ.

ಪ್ಯಾರಿಸ್‌–ಲೂಸರ್ನ್: ಕಷ್ಟ ಇರುವುದು ಇಲ್ಲೇ. ಗಾರ್ ದ ಲಿಯೋಂ ನಿಲ್ದಾಣದಿಂದ ಬಾಸೆಲ್, ಜೂರಿಕ್‌ಗೆ ನೇರ ಟಿಜಿವಿ ಲಿರಿಯಾ ಇದೆ. ಅದರ ಪಾಸ್ ಕೋಟಾ ಚಿಕ್ಕದು, ಶುಲ್ಕ ಜಾಸ್ತಿ, ನಿಮ್ಮ ಹಾಗೆ ನಾಲ್ಕು ಜನಕ್ಕೆ ಒಟ್ಟಿಗೆ ಸಿಗುವುದು ಇನ್ನೂ ಕಷ್ಟ. ಸಿಗದಿದ್ದರೆ ಗಾರ್ ದ ಲೆಸ್ಟ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಟಿಜಿವಿ ಹಿಡಿಯಿರಿ, ಎರಡು ಗಂಟೆಯೊಳಗಿನ ದಾರಿ. ಒಳನಾಡಿನ ಟಿಜಿವಿ ಆದ್ದರಿಂದ ಸೀಟಿನ ಶುಲ್ಕ 10ರಿಂದ 20 ಯೂರೋ ಆಸುಪಾಸು. ಸ್ಟ್ರಾಸ್‌ಬರ್ಗ್‌ನಿಂದ ಬಾಸೆಲ್‌ಗೆ ಟಿಇಆರ್ ಎಂಬ ಪ್ರಾದೇಶಿಕ ರೈಲು, ಒಂದೂಕಾಲು ಗಂಟೆ ಚಿಲ್ಲರೆ. ಅದಕ್ಕೆ ಸೀಟು ಕಾಯ್ದಿರಿಸುವ ಗೊಡವೆ ಇಲ್ಲ. ಬಾಸೆಲ್‌ನಿಂದ ಲೂಸರ್ನ್ ಇನ್ನೊಂದು ಗಂಟೆ, ಅದಕ್ಕೂ ಬೇಡ. ಬಾಸೆಲ್‌ನಲ್ಲಿ ಟಿಇಆರ್ ನಿಲ್ಲುವುದು ನಿಲ್ದಾಣದ ಫ್ರೆಂಚ್ ಭಾಗದಲ್ಲಿ, ಸ್ವಿಸ್ ಪ್ಲಾಟ್‌ಫಾರ್ಮಿಗೆ ನಡೆಯಬೇಕು. ಅಮ್ಮ ಮತ್ತು ಪೆಟ್ಟಿಗೆ ಜೊತೆಗಿದ್ದರೆ ಪ್ರತಿ ಬದಲಾವಣೆಗೂ ಅರ್ಧ ಗಂಟೆ ಇಟ್ಟುಕೊಳ್ಳಿ. ಆ್ಯಪ್ 8–10 ನಿಮಿಷದ ಕನೆಕ್ಷನ್ ತೋರಿಸಿದರೆ ಅದನ್ನು ಬಿಟ್ಟು ಮುಂದಿನದನ್ನು ಆರಿಸಿ. ಟಿಜಿವಿ ಬಾಗಿಲು ಹೊರಡುವ 2 ನಿಮಿಷ ಮೊದಲೇ ಮುಚ್ಚುತ್ತದೆ. ಊಯಿಗೋ ಎಂಬ ಅಗ್ಗದ ಟಿಜಿವಿಗೆ ಪಾಸ್ ನಡೆಯುವುದಿಲ್ಲ, ಹುಡುಕುವಾಗ ಗಮನಿಸಿ.

ಲೂಸರ್ನ್‌–ಇಂಟರ್‌ಲಾಕೆನ್: ಗಂಟೆಗೊಂದು ರೈಲು, ಎರಡು ಗಂಟೆಗೆ ಸ್ವಲ್ಪ ಕಡಿಮೆ, ಪಾಸ್ ಸಾಕು. ಬ್ರೂನಿಗ್ ಘಾಟಿ ಹತ್ತುವಾಗ ಕಡಿದಾದ ಕಡೆ ಹಲ್ಲಿನ ಹಳಿ ಹಿಡಿದು ಏರುತ್ತದೆ. ಹೋಗುವಾಗ ಬಲಗಡೆ ಕೂತರೆ ಕೆರೆಗಳು ಚೆನ್ನಾಗಿ ಕಾಣುತ್ತವೆ. ಇಂಟರ್‌ಲಾಕೆನ್ ಓಸ್ಟ್ ದಾಟಿದ ಮೇಲೆ, ಅಂದರೆ ಲೌಟರ್‌ಬ್ರುನ್ನನ್, ಗ್ರಿಂಡೆಲ್‌ವಾಲ್ಡ್, ಯುಂಗ್‌ಫ್ರಾವ್‌ಯೋಕ್ ಕಡೆಗೆ ಯೂರೇಲ್ ಪಾಸ್ ನಡೆಯುವುದಿಲ್ಲ, 25 ಪ್ರತಿಶತ ರಿಯಾಯಿತಿ ಮಾತ್ರ.

ಲೂಸರ್ನ್‌–ಸಾಲ್ಜ್‌ಬರ್ಗ್: ಜೂರಿಕ್‌ವರೆಗೆ ಮುಕ್ಕಾಲು ಗಂಟೆ, ಅಲ್ಲಿಂದ ಆಸ್ಟ್ರಿಯಾದ ವೇಗದ ರೈಲು ರೈಲ್‌ಜೆಟ್‌ನಲ್ಲಿ ಐದೂವರೆ ಗಂಟೆ ಹತ್ತಿರ. ಸೀಟು ಕಡ್ಡಾಯವಲ್ಲ. ಆದರೂ ಇಷ್ಟು ಉದ್ದದ ದಾರಿಗೆ ತಲೆಗೆ 3 ಯೂರೋ ಆಸುಪಾಸು ಕೊಟ್ಟು ನಾಲ್ಕು ಸೀಟು ಒಟ್ಟಿಗೆ ಹಾಕಿಕೊಳ್ಳಿ, ಅಮ್ಮನನ್ನು ನಿಲ್ಲಿಸಿಕೊಂಡು ಹೋಗುವ ದೂರ ಅಲ್ಲ.

ಸಾಲ್ಜ್‌ಬರ್ಗ್‌–ವಿಯೆನ್ನಾ: ಎರಡೂವರೆ ಗಂಟೆ, ರೈಲಿಗೆ ಬರ ಇಲ್ಲ. ವೆಸ್ಟ್‌ಬಾನ್ ಎಂಬ ಖಾಸಗಿ ರೈಲಿಗೂ ಪಾಸ್ ನಡೆಯುತ್ತದೆ. ರೈಲ್‌ಜೆಟ್ ಹಾಪ್ಟ್‌ಬಾನ್‌ಹೋಫ್ ಎಂಬ ಮುಖ್ಯ ನಿಲ್ದಾಣಕ್ಕೆ ಬಿಡುತ್ತದೆ, ವೆಸ್ಟ್‌ಬಾನ್ ಬಹಳಷ್ಟು ವೆಸ್ಟ್‌ಬಾನ್‌ಹೋಫ್ ಎಂಬ ಪಶ್ಚಿಮ ನಿಲ್ದಾಣಕ್ಕೆ. ಹೋಟೆಲ್ ಎಲ್ಲಿದೆ ನೋಡಿ ಆರಿಸಿ.

ವಿಯೆನ್ನಾ–ವೆನಿಸ್: ನೈಟ್‌ಜೆಟ್. ಕುಶೆಟ್ ಅಂದರೆ ನಮ್ಮ ಸ್ಲೀಪರ್ ತರಹದ್ದು, ಆದರೆ ಬಾಗಿಲಿರುವ ಕೋಣೆ. ನಾಲ್ಕು ಜನ ಇರುವುದರಿಂದ ಕೋಣೆ ಪೂರ್ತಿ ನಿಮಗೇ ಎಂಬ ಆಯ್ಕೆಯ ದರವನ್ನೂ ನೋಡಿ. ದರ ಬೇಡಿಕೆಯಂತೆ ಏರುತ್ತದೆ, ತಡ ಮಾಡಿದಷ್ಟೂ ದುಬಾರಿ. ಇಳಿಯಬೇಕಾದದ್ದು ಸಾಂತಾ ಲೂಚಿಯಾ ನಿಲ್ದಾಣದಲ್ಲಿ. ಅದಕ್ಕೂ ಮೊದಲು ಬರುವ ಮೆಸ್ತ್ರೆ ದಡದ ಈಚೆಯ ಊರು.

ದಿನದ ಲೆಕ್ಕ ಹಾಕಿದರೆ ಮೇಲಿನವು 5 ಪ್ರಯಾಣದ ದಿನ. ರಾತ್ರಿ ರೈಲಿಗೆ ಹತ್ತಿದ ದಿನ ಮಾತ್ರ ಲೆಕ್ಕ, ಮಧ್ಯರಾತ್ರಿ ಕಳೆದ ಮೇಲೆ ಬೇರೆ ರೈಲಿಗೆ ಬದಲಾಯಿಸದಿದ್ದರೆ. ವೆನಿಸ್‌–ರೋಮ್ ಸೇರಿದರೆ 6. ಆದರೆ ಬೇಕಾದ ದಿನ ಮಾತ್ರ ಬಳಸುವ ಫ್ಲೆಕ್ಸಿ ಪಾಸ್‌ಗಳಲ್ಲಿ 4, 5, 7 ಇದೆ, 6 ಇಲ್ಲ. ಏಜೆಂಟರು 7 ಹೇಳಿದ್ದು ಇದಕ್ಕೇ ಇರಬೇಕು. ನನ್ನ ಪ್ರಕಾರ 5 ದಿನದ ಪಾಸ್ ಸಾಕು, ವೆನಿಸ್‌–ರೋಮ್ ಬಿಡಿ ಟಿಕೆಟ್ ಕೊಳ್ಳಿ. ಆ ನಾಲ್ಕು ಗಂಟೆಯ ಫ್ರೆಚ್ಚರೋಸ್ಸಾಗೆ ಪಾಸ್ ಇದ್ದರೂ ತಲೆಗೆ ಸುಮಾರು 13 ಯೂರೋ ಸೀಟಿಗೆ ಕಟ್ಟಲೇಬೇಕು. ಮುಂಚೆ ಕೊಂಡ ರಿಯಾಯಿತಿ ಟಿಕೆಟ್ ಬೆಲೆಯನ್ನು, 5 ಮತ್ತು 7 ದಿನದ ಪಾಸ್‌ಗಳ ವ್ಯತ್ಯಾಸಕ್ಕೆ ಈ 13 ಯೂರೋ ಕೂಡಿಸಿ, ಹೋಲಿಸಿ ನೋಡಿ.

ತುಂಗಾತೀರ, ಶಿವಮೊಗ್ಗ:

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಇನ್ನೆರಡು. ಮಗಳಿಗೆ, ಅಮ್ಮನಿಗೆ ಬೇರೆ ದರ ಇದೆಯಾ? ವೀಸಾ ಬರುವ ಮೊದಲು ಪಾಸ್ ಕೊಳ್ಳಬಹುದಾ, ಸೀಟು ಖಾಲಿಯಾಗಿಬಿಟ್ಟರೆ ಅಂತ ಹೆದರಿಕೆ.

ಆಗುಂಬೆ ಮಳೆ, ತೀರ್ಥಹಳ್ಳಿ:

4ರಿಂದ 11 ವರ್ಷದ ಮಕ್ಕಳ ಪಾಸ್ ಉಚಿತ, ಒಬ್ಬ ವಯಸ್ಕರ ಜೊತೆ ಇಬ್ಬರು ಮಕ್ಕಳವರೆಗೆ. ಉಚಿತ ಅಂತ ಬಿಟ್ಟುಬಿಡಬಾರದು ಮಾರಾಯ್ರೆ, ಅದೇ ಆರ್ಡರ್‌ನಲ್ಲಿ ಮಗುವಿನ ಪಾಸನ್ನೂ ಸೇರಿಸಲೇಬೇಕು. ಟಿಜಿವಿ ಸೀಟು, ನೈಟ್‌ಜೆಟ್ ಬರ್ತ್‌ಗೆ ಮಗಳಿಗೂ ದುಡ್ಡು ಉಂಟು. 60 ದಾಟಿದವರಿಗೆ ಪಾಸ್‌ನಲ್ಲಿ 10 ಪ್ರತಿಶತ ಕಡಿಮೆ.

ವೀಸಾ ವಿಚಾರ. ಈ ದೇಶಗಳಿಗೆಲ್ಲ ಒಂದೇ ಆಗುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ. ಬೇಗ ಹಾಕಿದರೆ ನಿಮ್ಮ ಅರ್ಧ ಹೆದರಿಕೆ ಹೋಗುತ್ತದೆ. ಪಾಸ್ ಕೊಂಡ ಮೇಲೆ 11 ತಿಂಗಳೊಳಗೆ ಸಕ್ರಿಯ ಮಾಡಿದರೆ ಸಾಕು. ಸಕ್ರಿಯ ಮಾಡದ ಮಾಮೂಲಿ ಪಾಸ್ ಹಿಂತಿರುಗಿಸಿದರೆ 15 ಪ್ರತಿಶತ ಹಿಡಿದು ಉಳಿದದ್ದು ಕೊಡುತ್ತಾರೆ. ರಿಯಾಯಿತಿ ಮಾರಾಟದಲ್ಲಿ ಕೊಂಡ ಪಾಸ್‌ಗೆ ಈ ಸೌಲಭ್ಯ ಇಲ್ಲದಿರಬಹುದು, ಷರತ್ತು ಓದಿ. ಸೀಟಿನ ಹಣ ಮಾತ್ರ ಹೆಚ್ಚಿನ ಕಡೆ ವಾಪಸ್ ಬರುವುದಿಲ್ಲ.

ಹಾಗಾಗಿ ವೀಸಾ ಕೈಗೆ ಬಂದ ದಿನವೇ ಕೂತು, ಮೊದಲು ಪ್ಯಾರಿಸ್‌–ಸ್ಟ್ರಾಸ್‌ಬರ್ಗ್ ಮತ್ತು ನೈಟ್‌ಜೆಟ್ ಎರಡರ ಪಾಸ್ ಸೀಟು ಇನ್ನೂ ಇದೆಯೇ ನೋಡಿ. ಇದ್ದರೆ ಪಾಸ್ ಕೊಂಡು, ಅದೇ ಹೊತ್ತಿನಲ್ಲಿ ಆ ಎರಡು ಸೀಟು ಹಾಕಿ. ಎರಡರಲ್ಲಿ ಒಂದಾದರೂ ಇಲ್ಲದಿದ್ದರೆ ಪಾಸ್ ಕೊಳ್ಳಬೇಡಿ, ತಾರೀಖು ಬದಲಾಯಿಸಿ ಮತ್ತೆ ಹುಡುಕಿ. ರೈಲ್‌ಜೆಟ್ ಸೀಟು ಆಮೇಲೆ ನೋಡಿಕೊಂಡರಾಯ್ತು. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವಹಿವಾಟು ಹಿಂದಿನ ದಿನವೇ ಆನ್ ಮಾಡಿ ಮಿತಿ ಏರಿಸಿಡಿ. ಪಾಸ್ ಆಗಿ ಸೀಟಿನ ಹಣ ಕಟ್ಟುವಾಗ ಕಾರ್ಡ್ ತಿರಸ್ಕಾರವಾದರೆ ಅಷ್ಟರಲ್ಲಿ ಸೀಟು ಹೋಗಿರುತ್ತದೆ.

ಯೂರೇಲ್‌ನ ಸ್ವಂತ ತಾಣದಲ್ಲಿ ಸೀಟು ಹಾಕಿದರೆ ಪ್ರತಿ ರೈಲಿಗೆ ತಲೆಗೆ ಒಂದಿಷ್ಟು ಸೇವಾ ಶುಲ್ಕ ಸೇರುತ್ತದೆ. ನೈಟ್‌ಜೆಟ್, ರೈಲ್‌ಜೆಟ್ ನೇರ ಆಸ್ಟ್ರಿಯಾ ರೈಲ್ವೆಯಲ್ಲೇ ಹಾಕಿ.

ನಾಲ್ಕೂ ಪಾಸ್ ಒಂದೇ ಫೋನಿನಲ್ಲಿ ಇಡಬಹುದು, ಮಗಳದ್ದು ಜೊತೆಗಿರುವ ವಯಸ್ಕರ ಫೋನಿನಲ್ಲೇ ಇರಬೇಕು. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು ಹಾಕಿ, ಇನಿಷಿಯಲ್ ಬಿಡಿಸಿದ್ದರೆ ಬಿಡಿಸಿಯೇ. ರೈಲು ಹತ್ತುವ ಮೊದಲು ಆ್ಯಪ್‌ನಲ್ಲಿ ಪ್ರಯಾಣವನ್ನು ಸೇರಿಸಿ, ಪಾಸ್‌ಗೆ ಜೋಡಿಸಿ, ಆ ದಿನವನ್ನು ಆನ್ ಮಾಡಬೇಕು. ಆಗಲೇ ತೋರಿಸಬೇಕಾದ ಕ್ಯೂಆರ್ ಕೋಡ್ ಬರುವುದು. ಪ್ರಯಾಣ ಸೇರಿಸಿ ಪಾಸ್‌ಗೆ ಜೋಡಿಸದೆ ಕೂತವರಿಗೆ ದಂಡ ಬಿದ್ದದ್ದಿದೆ. ಹಿಂದಿನ ದಿನ ರಾತ್ರಿ 11:59ರವರೆಗೆ ಮಾತ್ರ ಆ ದಿನವನ್ನು ರದ್ದು ಮಾಡಬಹುದು, ಬೆಳಗಾದ ಮೇಲೆ ಅದು ಖರ್ಚಾದ ಹಾಗೆ. ಆ್ಯಪ್ ಮೂರು ದಿನಕ್ಕೊಮ್ಮೆಯಾದರೂ ನೆಟ್ ಕೇಳುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ.

ತುಂಗಾತೀರ, ಶಿವಮೊಗ್ಗ:

ಇವತ್ತು ರಾತ್ರಿ ಆಸ್ಟ್ರಿಯಾ ತಾಣದಲ್ಲಿ ಪಾಸ್ ಆಯ್ಕೆ ಹಾಕಿ ನೈಟ್‌ಜೆಟ್ ನೋಡಿದೆ, ನಾಲ್ವರಿಗೆ ಪೂರ್ತಿ ಕೋಣೆ ಇನ್ನೂ ಇದೆ. ಪ್ಯಾರಿಸ್ ಬಿಡುವ ದಿನ ಅಸೆನ್ಷನ್ ಹಿಂದಿನ ಬುಧವಾರಕ್ಕೆ ಬಿದ್ದಿದೆ, ಅದನ್ನು ಸೋಮವಾರಕ್ಕೆ ತರುತ್ತೇನೆ. ಪಾಸ್ 5 ದಿನದ್ದೇ.